ಎಂಬತ್ತರ ವಯಸ್ಸಿಗೊಂದು ಮನೆ: ನಿವೃತ್ತಿಯ ವಾಸ್ತವ್ಯದ ಲೆಕ್ಕಾಚಾರ

ಮೈಸೂರಿನ ಹೊರವಲಯದ ಬಡಾವಣೆಯೊಂದರಲ್ಲಿ ನನ್ನ ಸೋದರಮಾವನವರ ಮನೆಯಿದೆ. ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದ ವರ್ಷವೇ ಅವರು ಗ್ರಾಚುಟಿ, ಗಳಿಕೆ ರಜೆಯ ನಗದೀಕರಣ, ಕೆಜಿಐಡಿ ವಿಮೆಯ ಹಣ, ಪಿಂಚಣಿಯ ಒಂದು ಪಾಲನ್ನು ಮುಂಗಡವಾಗಿ ಕಮ್ಯುಟೇಶನ್ ಮಾಡಿಸಿ ಪಡೆದ ಇಡಿಗಂಟು ಎಲ್ಲವನ್ನೂ ಸೇರಿಸಿ 30×40ರ ನಿವೇಶನದಲ್ಲಿ ಡ್ಯೂಪ್ಲೆಕ್ಸ್ ಮನೆ ಕಟ್ಟಿಸಿದರು. ಕೆಳಗೆ ನಡುಮನೆ, ಅಡುಗೆಮನೆ, ದೇವರಮನೆ, ಒಂದು ಸಣ್ಣ ಬಚ್ಚಲು. ಮಲಗುವ ಕೋಣೆಗಳೆರಡೂ ಮಹಡಿಯ ಮೇಲೆ. ನಡುವೆ ನುಣುಪಾದ ಕರಿ ಗ್ರಾನೈಟಿನ ಹದಿನೇಳು ಮೆಟ್ಟಿಲು. ಹದಿನಾಲ್ಕು ವರ್ಷಗಳ ಮೇಲೆ ಇಂದು ಅತ್ತೆಯ ಎರಡೂ ಮಂಡಿ ಸವೆದಿವೆ. ದಿವಾನ್ ಕಾಟು ನಡುಮನೆಗೆ ಬಂದಿದೆ. ಅದರ ಪಕ್ಕದಲ್ಲಿ ಮಾತ್ರೆಯ ಡಬ್ಬಿ, ಬಿಸಿನೀರಿನ ಫ್ಲಾಸ್ಕು, ಟಿವಿಯ ರಿಮೋಟು. ಮಹಡಿಯ ಕೋಣೆಗಳನ್ನು ವಾರಕ್ಕೊಮ್ಮೆ ಕೆಲಸದಾಕೆ ಗುಡಿಸಿ ಬರುತ್ತಾಳೆ. ಮನೆಯೊಡತಿ ಅವನ್ನು ನೋಡಿ ಎಂಟು ತಿಂಗಳಾಯಿತು.

ಆ ಮನೆ ಕಟ್ಟುವಾಗ ಯಾರೂ ಅವಿವೇಕ ಮಾಡಿರಲಿಲ್ಲ. ಅರವತ್ತರ ಹರೆಯದಲ್ಲಿದ್ದ, ದಿನಕ್ಕೆ ಐದು ಕಿಲೋಮೀಟರ್ ನಡೆಯುತ್ತಿದ್ದ ದಂಪತಿಗೆ ಒಪ್ಪುವ ಮನೆಯನ್ನೇ ಅವರು ಕಟ್ಟಿಸಿದ್ದರು. ನಿವೃತ್ತಿಯ ವಾಸ್ತವ್ಯದ ಬಗ್ಗೆ ನಮ್ಮಲ್ಲಿ ನಡೆಯುವ ಬಹುಪಾಲು ಚರ್ಚೆಯ ದೋಷವೂ ಇಷ್ಟೇ: ಸೇವೆಯಿಂದ ಬಿಡುಗಡೆಯಾದ ದಿನದ ದೇಹ, ಆ ದಿನದ ಆದಾಯ, ಆ ದಿನದ ಸಂಸಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಎರಡು ಮೂರು ದಶಕಗಳ ಮನೆಯನ್ನು ಆರಿಸುತ್ತೇವೆ. ಭಾರತದಲ್ಲಿ ಅರವತ್ತನ್ನು ತಲುಪಿದವರು ಸರಾಸರಿ ಇನ್ನೂ ಸುಮಾರು 18 ವರ್ಷ ಬದುಕುತ್ತಾರೆ. ಅವರಲ್ಲಿ ಹೆಂಗಸರ ಆಯುಸ್ಸು ಗಂಡಸರಿಗಿಂತ ಹೆಚ್ಚು. ನಮ್ಮ ಮದುವೆಗಳಲ್ಲಿ ಗಂಡ ನಾಲ್ಕೈದು ವರ್ಷ ದೊಡ್ಡವನಾಗಿರುವುದು ವಾಡಿಕೆಯಾದ್ದರಿಂದ, ನಿವೃತ್ತಿಗೆಂದು ಕಟ್ಟಿದ ಮನೆಯಲ್ಲಿ ಕೊನೆಯ ಹಲವು ವರ್ಷ ಒಂಟಿಯಾಗಿ ಇರುವವಳು ಬಹುತೇಕ ಹೆಂಡತಿಯೇ. ಆದರೆ ಮನೆಯ ನಕ್ಷೆಯನ್ನು ಇಂಜಿನಿಯರರ ಮುಂದೆ ಕುಳಿತು ತೀರ್ಮಾನಿಸುವವನು, ಊರನ್ನು ಆರಿಸುವವನು, ಬ್ಯಾಂಕಿನ ಕಾಗದಗಳಿಗೆ ಸಹಿ ಹಾಕುವವನು ಗಂಡ. ಎಂಬತ್ತರ ಹೆಂಗಸೊಬ್ಬಳು ಇಲ್ಲಿ ಒಬ್ಬಳೇ ಇರಬಲ್ಲಳೇ ಎಂಬ ಪ್ರಶ್ನೆಯನ್ನು ಮೊದಲು ಕೇಳಿ, ಅದರಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಊರು, ಮನೆ, ಹಣ ಮೂರರ ಬಗ್ಗೆಯೂ ಉತ್ತರಗಳು ಬೇರೆಯಾಗುತ್ತವೆ ಎಂಬುದು ನನ್ನ ವಾದ.

ಮೊದಲು ಹಣದ ವಿಷಯ. ಕರ್ನಾಟಕದ ಸರ್ಕಾರಿ ನೌಕರ ತೀರಿಕೊಂಡ ಮೇಲೆ ಪತ್ನಿಗೆ ಬರುವ ಕುಟುಂಬ ಪಿಂಚಣಿ, ಕೊನೆಯ ಮೂಲವೇತನದ ಶೇ 30. ಪೂರ್ಣ ಅರ್ಹತಾ ಸೇವೆ ಮುಗಿಸಿದವನ ಪಿಂಚಣಿ ಶೇ 50 ಇರುತ್ತದೆ; ಅಂದರೆ ಐದು ರೂಪಾಯಿ ಬರುತ್ತಿದ್ದಲ್ಲಿ ಮೂರು ರೂಪಾಯಿ ಬರತೊಡಗುತ್ತದೆ. ಮನೆಯ ಕಂದಾಯ, ವಿದ್ಯುತ್ತು, ಕೆಲಸದವರ ಸಂಬಳ ಇವು ಮಾತ್ರ ಐದಕ್ಕೆ ಮೂರಾಗುವುದಿಲ್ಲ. 2006ರ ಏಪ್ರಿಲ್ 1ರ ನಂತರ ರಾಜ್ಯ ಸೇವೆಗೆ ಸೇರಿದವರು ಹೊಸ ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ಗೆ ಒಳಪಟ್ಟಿರುವುದರಿಂದ ಅವರಿಗೆ ಈ ಖಾತರಿಯೂ ಇಲ್ಲ. ಹಳೆಯ ಪಿಂಚಣಿಗಾಗಿ ನಡೆಯುತ್ತಿರುವ ಹೋರಾಟದ ಹಿಂದೆ ಇರುವ ಭಯವೂ ಇದೇ. ಖಾಸಗಿ ಕಂಪನಿ, ಕಾರ್ಖಾನೆಗಳಲ್ಲಿ ದುಡಿದವರ ಸ್ಥಿತಿ ಇನ್ನೂ ತೆಳು. ಭವಿಷ್ಯನಿಧಿ ಸಂಸ್ಥೆಯ 1995ರ ಪಿಂಚಣಿ ಯೋಜನೆಯಲ್ಲಿ ಕನಿಷ್ಠ ಮೊತ್ತವೆಂದು 2014ರಲ್ಲಿ ನಿಗದಿಯಾದದ್ದು ತಿಂಗಳಿಗೆ 1,000 ರೂಪಾಯಿ. ಇಂಥವರಿಗೆ ಕೈಗೆ ಬಂದ ಇಡಿಗಂಟೇ ಪಿಂಚಣಿ. ಅದನ್ನು ಇಟ್ಟಿಗೆ ಸಿಮೆಂಟಿಗೆ ಸುರಿದವರು ಮನೆಯನ್ನು ಮಾತ್ರ ಕಟ್ಟುತ್ತಿಲ್ಲ, ತಮ್ಮ ತಿಂಗಳ ಆದಾಯವನ್ನು ಗೋಡೆಯೊಳಗೆ ಹೂಳುತ್ತಿದ್ದಾರೆ.

ಒಂದು ಸರಳ ಲೆಕ್ಕ ನೋಡೋಣ. ನಿವೃತ್ತ ದಂಪತಿಯ ಕೈಯಲ್ಲಿ 60 ಲಕ್ಷ ರೂಪಾಯಿ ಇದೆ ಎಂದಿಟ್ಟುಕೊಳ್ಳಿ. 50 ಲಕ್ಷವನ್ನು ಮನೆಗೆ ಹಾಕಿದರೆ ಉಳಿದ 10 ಲಕ್ಷ, ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 2023ರ ಏಪ್ರಿಲ್‌ನಿಂದ ಸಿಗುತ್ತಿರುವ ಶೇ 8.2ರ ಬಡ್ಡಿಯಲ್ಲಿ ತಿಂಗಳಿಗೆ ಏಳು ಸಾವಿರಕ್ಕೂ ಕಡಿಮೆ ತರುತ್ತದೆ. ಅದೇ ಹಣದಲ್ಲಿ 30 ಲಕ್ಷವನ್ನು, ಅದು ಈ ಯೋಜನೆಯಲ್ಲಿ ಒಬ್ಬರು ಇಡಬಹುದಾದ ಗರಿಷ್ಠ ಮೊತ್ತ, ಠೇವಣಿ ಇಟ್ಟರೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ, ಅಂದರೆ ತಿಂಗಳ ಲೆಕ್ಕದಲ್ಲಿ 20,500 ಬರುತ್ತದೆ. ಹದಿನಾರು ಸಾವಿರ ಬಾಡಿಗೆಯ ಎರಡು ಕೋಣೆಯ ಮನೆಯಲ್ಲಿದ್ದು, ಬಾಡಿಗೆ ವರ್ಷಕ್ಕೆ ಶೇ 5ರಷ್ಟು ಏರುತ್ತ ಹೋದರೂ ಅದು ಈ ಬಡ್ಡಿಯನ್ನು ಮುಟ್ಟಲು ಐದು ವರ್ಷ ಬೇಕು. ಠೇವಣಿಯ ಅವಧಿಯೂ ಐದೇ ವರ್ಷ. ಬಾಡಿಗೆ ಮನೆಯೇ ಶಾಶ್ವತವಾಗಿ ಅಗ್ಗ ಎಂದು ಇದರಿಂದ ಹೇಳಲಾಗದು. ಹತ್ತು ವರ್ಷ ಕಳೆಯುವ ಹೊತ್ತಿಗೆ ಬಾಡಿಗೆ 26 ಸಾವಿರಕ್ಕೆ ಹೋಗಿ ನಿಂತಿರುತ್ತದೆ, ಬಡ್ಡಿ ದರ ಇಳಿದಿರಲೂಬಹುದು. ಈ ಲೆಕ್ಕ ಹೇಳುವುದು ಇಷ್ಟು: ಅಸಲಿಗೆ ಕೈ ಹಾಕದೆ ಐದು ವರ್ಷ ಒಂದು ಊರಿನಲ್ಲಿ ಇದ್ದು ನೋಡುವುದಕ್ಕೆ ಅವಕಾಶವಿದೆ. ಆ ಊರಿನ ಮಳೆಗಾಲ, ಅಲ್ಲಿನ ವೈದ್ಯ, ಪಕ್ಕದ ಮನೆಯವರ ಸ್ವಭಾವ, ನೀರು ಬರುವ ದಿನಗಳು, ತಮಗೆ ಅಲ್ಲಿ ಹೊತ್ತು ಹೋಗುತ್ತದೋ ಇಲ್ಲವೋ ಎಂಬುದು ಇವೆಲ್ಲ ಐದು ವರ್ಷದಲ್ಲಿ ಚೆನ್ನಾಗಿ ತಿಳಿಯುತ್ತವೆ. ರಜೆಯಲ್ಲಿ ನಾಲ್ಕು ದಿನ ಹೋಗಿ ಬಂದಾಗ ತಿಳಿಯುವುದಿಲ್ಲ. "ಸ್ವಂತ ಮನೆ ಇಲ್ಲದೆ ನಿವೃತ್ತಿಯೇ?" ಎಂದು ಬೀಗರು ಕೇಳುತ್ತಾರೆ, ನಿಜ. ಅವರ ಪ್ರಶ್ನೆಗೆ ಐವತ್ತು ಲಕ್ಷ ಬಹಳ ದುಬಾರಿ ಉತ್ತರ.

ಬೆಂಗಳೂರಿನ ಹಳೆಯ ಮಧ್ಯಮ ವರ್ಗ ಇದಕ್ಕೆ ತನ್ನದೇ ಆದ ಪರಿಹಾರವೊಂದನ್ನು ಬಹಳ ಹಿಂದೆಯೇ ಕಂಡುಕೊಂಡಿತ್ತು. ನಗರಕ್ಕೆ ಪಿಂಚಣಿದಾರರ ಸ್ವರ್ಗವೆಂಬ ಹೆಸರು ಬಂದದ್ದು ಬರೀ ಹವೆಯಿಂದಲ್ಲ. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿಗಳಲ್ಲಿ, ರಾಜ್ಯ ಸರ್ಕಾರದ ಕಚೇರಿಗಳಲ್ಲಿ ದುಡಿದವರಿಗೆ ನಗರ ಸುಧಾರಣಾ ಮಂಡಳಿಯಿಂದ, 1976ರ ನಂತರ ಅದರ ಸ್ಥಾನಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದಿಂದ (ಬಿಡಿಎ), ಇಲ್ಲವೇ ನೌಕರರ ಗೃಹ ನಿರ್ಮಾಣ ಸಹಕಾರ ಸಂಘಗಳಿಂದ ನಿವೇಶನ ಸಿಗುತ್ತಿತ್ತು. ಅಲ್ಲಿ ಕೆಳಗೊಂದು ಮನೆ, ಹೊರಗಿನಿಂದ ಮೆಟ್ಟಿಲು, ಮೇಲೊಂದು ಮನೆ. ಕೆಳಗೆ ತಾವು, ಮೇಲೆ ಬಾಡಿಗೆಯವರು. ತಿಂಗಳ ಒಂದನೇ ತಾರೀಖು ಬಾಡಿಗೆ ಕೈಗೆ ಬರುತ್ತಿತ್ತು. ಅದು ಬೆಲೆಯೇರಿಕೆಯ ಜೊತೆಗೆ ತಾನೂ ಏರುತ್ತಿತ್ತು. ಮೇಲಾಗಿ ರಾತ್ರಿ ಹೊತ್ತು ಎದೆ ಹಿಡಿದರೆ ಕೂಗಿ ಕರೆಯಲು ಮೇಲೊಂದು ಸಂಸಾರ ಇರುತ್ತಿತ್ತು. ಮೂರು ಕೆಲಸವನ್ನು ಒಂದೇ ಹೊರಮೆಟ್ಟಿಲು ಮಾಡುತ್ತಿದ್ದ ಆ ವಿನ್ಯಾಸವನ್ನು ಹಳತೆಂದು ಬಿಟ್ಟು, ಒಳಮೆಟ್ಟಿಲಿನ ಡ್ಯೂಪ್ಲೆಕ್ಸಿಗೆ ನಾವು ಮನಸೋತದ್ದು ನನಗೆ ಈಗಲೂ ಬಗೆಹರಿಯದ ಸಂಗತಿ. ಇಂದು ಅದೇ ಬಡಾವಣೆಗಳಲ್ಲಿ ಮನೆಯ ಬೆಲೆ ಕೋಟಿಗಳಲ್ಲಿದೆ, ಒಡೆಯನ ಕೈಯಲ್ಲಿ ಕಾಸಿಲ್ಲ. ಇಂಥವರಿಗಾಗಿಯೇ 2007ರಲ್ಲಿ ರಿವರ್ಸ್ ಮಾರ್ಟ್‌ಗೇಜ್ ಯೋಜನೆ ಬಂತು: ಅರವತ್ತು ದಾಟಿದವರು ಮನೆಯನ್ನು ಬ್ಯಾಂಕಿಗೆ ಅಡವಿಟ್ಟು, ಅಲ್ಲಿಯೇ ವಾಸವಿದ್ದು, ತಿಂಗಳ ಹಣ ಪಡೆಯಬಹುದು, ಸಾಲ ತೀರಿಸುವ ಪ್ರಶ್ನೆ ಇಬ್ಬರ ಕಾಲಾನಂತರ. ಕಾಗದದ ಮೇಲೆ ಚೆನ್ನಾಗಿದ್ದ ಈ ಯೋಜನೆ ಜನರಿಗೆ ಹತ್ತಲೇ ಇಲ್ಲ. ಮಕ್ಕಳಿಗೆ ಬಿಡಬೇಕಾದ ಮನೆಯನ್ನು ಅಡವಿಡುವುದೆಂದರೆ ನಮ್ಮವರಿಗೆ ಮನೆತನದ ಮಾನದ ಪ್ರಶ್ನೆ. ಬ್ಯಾಂಕುಗಳೂ ಅದನ್ನು ಉತ್ಸಾಹದಿಂದ ಮಾರಲಿಲ್ಲ.

ಇನ್ನು ಊರಿನ ಆಯ್ಕೆ. ಬೆಂಗಳೂರಿನಲ್ಲಿ ಮೂವತ್ತು ವರ್ಷ ದುಡಿದವರ ಬಾಯಲ್ಲಿ ಕೇಳಿಬರುವ ಮಾತು ಒಂದೇ, "ಸಾಕಪ್ಪ, ಇನ್ನು ಊರಿಗೆ ಹೋಗಿಬಿಡೋಣ." 2024ರ ಬೇಸಿಗೆಯಲ್ಲಿ ನೀರಿನ ಟ್ಯಾಂಕರಿಗೆ ಕಾದವರಿಗೆ ಈ ಆಸೆ ಇನ್ನೂ ಗಟ್ಟಿಯಾಗಿರಬೇಕು. ಆದರೆ ಯಾವ ಊರು, ಯಾರ ಮನೆ? ಹುಟ್ಟೂರಿನ ಹಿರಿಯರ ಮನೆ ಎಂದರೆ ಹೆಚ್ಚಿನ ಸಂದರ್ಭಗಳಲ್ಲಿ ಪಿತ್ರಾರ್ಜಿತ ಆಸ್ತಿ. ಅಣ್ಣತಮ್ಮಂದಿರಿಗೂ, ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದಲೂ ದೇಶದಾದ್ಯಂತ 2005ರಿಂದಲೂ ಅಕ್ಕತಂಗಿಯರಿಗೂ ಅದರಲ್ಲಿ ಸಮಪಾಲಿದೆ. ಪಾಲುಪಟ್ಟಿ ಆಗಿರುವುದಿಲ್ಲ, ಪಹಣಿಯಲ್ಲಿ ತೀರಿಹೋದ ಅಜ್ಜನ ಹೆಸರೇ ಇರುತ್ತದೆ, ಜಮೀನಿನ ಪೋಡಿ ಬಾಕಿ ಇರುತ್ತದೆ. ಅಂಥ ಮನೆಯ ಹೆಂಚು ಹೊದಿಸಲು, ಹೊಸ ಶೌಚಾಲಯ ಕಟ್ಟಲು ನಿವೃತ್ತಿಯ ಹಣ ಖರ್ಚು ಮಾಡಿದವನಿಗೆ, ಹತ್ತು ವರ್ಷದ ಮೇಲೆ ಪಾಲಿನ ಮಾತು ಬಂದಾಗ ಆ ಖರ್ಚಿನ ಲೆಕ್ಕವನ್ನು ಯಾರೂ ಕೊಡುವುದಿಲ್ಲ. ಹಾಗೆ ಮರಳುವವರು ಮೊದಲು ಪಾಲು ಮಾಡಿಕೊಂಡು ಖಾತೆ ಬದಲಿಸಿಕೊಂಡು ಆಮೇಲೆ ಮೇಸ್ತ್ರಿಯನ್ನು ಕರೆಯುವುದು ಒಳಿತು. 2020ರ ಭೂಸುಧಾರಣಾ ತಿದ್ದುಪಡಿಯ ನಂತರ ಯಾರು ಬೇಕಾದರೂ ಕೃಷಿಭೂಮಿ ಕೊಳ್ಳಬಹುದಾದ್ದರಿಂದ, ನಗರದಂಚಿನ ತೋಟದ ತುಂಡುಗಳನ್ನು ನಿವೃತ್ತರಿಗೆ ಮಾರುವ ವ್ಯಾಪಾರವೂ ಭರದಿಂದ ನಡೆದಿದೆ. ಭೂಪರಿವರ್ತನೆಯಾಗದ ಜಮೀನಿನಲ್ಲಿ ಕಟ್ಟಿದ ತೋಟದ ಮನೆ ಮಾರುವ ಕಾಲಕ್ಕೆ ತೊಡಕಾಗುತ್ತದೆ. ಎಂಬತ್ತರ ಒಂಟಿ ಹೆಂಗಸಿನ ಪ್ರಶ್ನೆಯನ್ನು ಅಲ್ಲಿ ಕೇಳುವ ಅಗತ್ಯವೇ ಇಲ್ಲ. ಕತ್ತಲಾದ ಮೇಲೆ ಆ ದಾರಿಯಲ್ಲಿ ಒಮ್ಮೆ ನಡೆದು ಬಂದರೆ ಉತ್ತರ ಸಿಗುತ್ತದೆ.

ಊರಿನ ಆಯ್ಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ತೂಗಬೇಕಾದದ್ದು ಆಸ್ಪತ್ರೆಯ ದೂರ, ಮತ್ತು ಆ ದೂರವನ್ನು ಕಿಲೋಮೀಟರಿನಲ್ಲಿ ಅಳೆಯದೆ ಗಂಟೆಯಲ್ಲಿ ಅಳೆಯಬೇಕು. ಪಾರ್ಶ್ವವಾಯು ಹೊಡೆದಾಗ ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧವನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಿರಬೇಕು. ಹೃದಯಾಘಾತದ ವಿಷಯದಲ್ಲಿ ಈಚೆಗೆ ಸ್ವಲ್ಪ ಸಮಾಧಾನವಿದೆ: ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುವ ಏರ್ಪಾಡು ನಡೆದಿದೆ. ಆದರೂ ಸ್ಟೆಂಟ್ ಹಾಕುವವರು, ನರರೋಗ ತಜ್ಞರು, ಮೂಳೆ ಮುರಿದರೆ ಅದೇ ದಿನ ಶಸ್ತ್ರಚಿಕಿತ್ಸೆ ಮಾಡುವವರು ಇರುವುದು ಬೆಂಗಳೂರು, ಮೈಸೂರು, ಮಂಗಳೂರು, ಮಣಿಪಾಲ, ಹುಬ್ಬಳ್ಳಿ ಧಾರವಾಡ, ಬೆಳಗಾವಿ, ಕಲಬುರಗಿ, ದಾವಣಗೆರೆ, ಶಿವಮೊಗ್ಗದಂಥ ಕೆಲವೇ ಊರುಗಳಲ್ಲಿ. ಉತ್ತರ ಕನ್ನಡದ ಜನ ತಮಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ವರ್ಷಗಳಿಂದ ಹೋರಾಡುತ್ತಿದ್ದಾರೆ; ಕಾರವಾರದವರು ಗೋವಾಕ್ಕೆ, ಕುಮಟಾ ಹೊನ್ನಾವರದವರು ಮಣಿಪಾಲ ಮಂಗಳೂರಿಗೆ, ಶಿರಸಿಯವರು ಸುಮಾರು ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಓಡುತ್ತಾರೆ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿತ್ತು. ಶಿರಾಡಿ ಘಾಟಿಯಲ್ಲೂ ಮಳೆಗಾಲದಲ್ಲಿ ಮಣ್ಣು ಜಾರುವುದು ಹೊಸದಲ್ಲ. ಘಟ್ಟ ಇಳಿದೇ ಆಸ್ಪತ್ರೆ ಸೇರಬೇಕಾದ ಊರಿನಲ್ಲಿ, ನಕ್ಷೆ ತೋರಿಸುವ ದೂರ ಆಷಾಢ ಶ್ರಾವಣಗಳಲ್ಲಿ ಸುಳ್ಳಾಗುತ್ತದೆ.

ಮಲೆನಾಡಿನ ಅಡಿಕೆ ಸೀಮೆಯಲ್ಲಿ ಇದರ ಪರಿಣಾಮ ಕಣ್ಣಿಗೆ ಕಾಣುವಂತಿದೆ. ತೀರ್ಥಹಳ್ಳಿ, ಕೊಪ್ಪ, ಸಾಗರ, ಸಿದ್ದಾಪುರದ ಕಡೆ ಹೋದರೆ ಒಂದೊಂದು ತೋಟಕ್ಕೊಂದು ದೊಡ್ಡ ಮನೆ, ಒಂದೊಂದು ಮನೆಯಲ್ಲಿ ಎಪ್ಪತ್ತು ದಾಟಿದ ಇಬ್ಬರು. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದಾರೆ. ಕೆಳಮನೆಗೂ ಮೇಲಿನ ಮನೆಗೂ ಅರ್ಧ ಮೈಲಿ. ಅಡಿಕೆ ಕೊನೆ ಕೊಯ್ಯುವವರು ಸಿಗದಿರುವಂತೆಯೇ ರೋಗಿಯ ಪಕ್ಕ ರಾತ್ರಿ ಕೂರುವವರೂ ಸಿಗುವುದಿಲ್ಲ. ಹೋಮ್ ನರ್ಸ್ ಬಂದರೂ ಆ ಒಂಟಿ ಮನೆಯಲ್ಲಿ ತಿಂಗಳು ನಿಲ್ಲುವುದು ಕಷ್ಟ. ಇವರು ನಿವೃತ್ತಿಗೆಂದು ಅಲ್ಲಿಗೆ ಹೋದವರಲ್ಲ, ಅಲ್ಲಿಯೇ ಇದ್ದವರು. ಆದರೂ ಅವರಲ್ಲಿ ಕೆಲವರು ಈಗ ಶಿವಮೊಗ್ಗದಲ್ಲೋ ಸಾಗರ ಪೇಟೆಯಲ್ಲೋ ಸಣ್ಣ ಮನೆ ಮಾಡಿಕೊಂಡು, ತೋಟವನ್ನು ಗೇಣಿಗೆ ಕೊಟ್ಟೋ ವಾರಕ್ಕೆರಡು ದಿನ ಹೋಗಿ ನೋಡಿಕೊಂಡೋ ಬದುಕುವ ದಾರಿ ಹಿಡಿದಿದ್ದಾರೆ. ನಗರದಿಂದ ಹಳ್ಳಿಗೆ ಮರಳುವ ಕನಸು ಕಾಣುವವರು ಎದುರಿನಿಂದ ಬರುತ್ತಿರುವ ಇವರೊಡನೆ ಒಂದು ಗಳಿಗೆ ಮಾತಾಡುವುದು ಮೇಲು.

ಹೀಗಾಗಿ ನನ್ನ ಒಲವು ಮಧ್ಯಮ ಗಾತ್ರದ ಊರುಗಳ ಕಡೆಗೆ, ಅದರಲ್ಲೂ ಅವುಗಳ ಹಳೆಯ ಬಡಾವಣೆಗಳ ಕಡೆಗೆ. ಧಾರವಾಡದ ಸಪ್ತಾಪುರ, ಮಾಳಮಡ್ಡಿ, ಮೈಸೂರಿನ ಸರಸ್ವತಿಪುರಂ, ಕುವೆಂಪುನಗರ ಇಂಥ ಕಡೆ ತರಕಾರಿ ಗಾಡಿ ಬಾಗಿಲಿಗೆ ಬರುತ್ತದೆ, ಔಷಧದಂಗಡಿ ನಡೆದುಹೋಗುವ ದೂರದಲ್ಲಿದೆ, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ಐದೂವರೆಗೆ ಹೋದರೆ ಮಾತಿಗೆ ಜನ ಸಿಗುತ್ತಾರೆ. 2023ರಲ್ಲಿ ದಶಪಥ ಹೆದ್ದಾರಿಯಾದ ಮೇಲೆ ಬೆಂಗಳೂರಿನ ಮಕ್ಕಳು ಮೈಸೂರಿಗೆ ಎರಡು ಗಂಟೆಯ ಆಚೀಚೆ ಬಂದು ಸೇರುತ್ತಾರೆ. ಅದೇ ಕಾರಣಕ್ಕೆ ಅಲ್ಲಿನ ಬೆಲೆಯೂ ಏರಿದೆ, ಹೊರ ವರ್ತುಲ ರಸ್ತೆಯಾಚೆ ನಿವೇಶನ ಕೊಂಡವರು ಬಸ್ಸಿಲ್ಲದ, ಅಂಗಡಿಯಿಲ್ಲದ ಬಯಲಿನಲ್ಲಿ ಮನೆ ಕಟ್ಟಿ ಕೂತಿದ್ದಾರೆ. ಸ್ಕೂಟರ್ ಓಡಿಸುವವರೆಗೆ ಅದು ತೊಂದರೆಯೆನಿಸುವುದಿಲ್ಲ. ಓಡಿಸುವುದನ್ನು ನಿಲ್ಲಿಸಿದ ದಿನದಿಂದ ಬಸ್ ನಿಲ್ದಾಣಕ್ಕೆ ಎಷ್ಟು ಹೆಜ್ಜೆ ಎಂಬುದೇ ಪ್ರಪಂಚದ ಗಡಿಯಾಗುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ವಯಸ್ಸಾದ ಹೆಂಗಸರು ಮಗಳ ಮನೆಗೆ, ದೇವಸ್ಥಾನಕ್ಕೆ, ಆಸ್ಪತ್ರೆಗೆ ಯಾರನ್ನೂ ಕಾಸು ಕೇಳದೆ ಹೋಗಿಬರುವುದನ್ನು ಕಂಡಿದ್ದೇವೆ. ಆ ಸ್ವಾತಂತ್ರ್ಯ ಬಸ್ ಬರುವ ಬೀದಿಯಲ್ಲಿ ಇರುವವಳಿಗೆ ಮಾತ್ರ. ನಿವೃತ್ತ ಸೈನಿಕರು ಈ ವಿಷಯದಲ್ಲಿ ಉಳಿದವರಿಗಿಂತ ಜಾಣರು. ಇಸಿಎಚ್‌ಎಸ್ ಎಂಬ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಪಾಲಿಕ್ಲಿನಿಕ್ ಎಲ್ಲಿದೆ, ಮಿಲಿಟರಿ ಕ್ಯಾಂಟೀನ್ ಎಲ್ಲಿದೆ ಎಂದು ನೋಡಿಯೇ ಅವರಲ್ಲಿ ಅನೇಕರು ಮನೆ ಮಾಡುತ್ತಾರೆ.

ಆರೋಗ್ಯ ವಿಮೆಯನ್ನೂ ಇಲ್ಲೇ ಸೇರಿಸಿ ಹೇಳಬೇಕು. 2024ರ ಏಪ್ರಿಲ್‌ನಿಂದ ವಿಮೆ ಕೊಳ್ಳಲು 65ರ ವಯೋಮಿತಿ ಇಲ್ಲ. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಅವಧಿ ಗರಿಷ್ಠ ಮೂರು ವರ್ಷ. ಹಿರಿಯರ ಕಂತನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿಗಳು ವಿಮಾ ನಿಯಂತ್ರಣ ಪ್ರಾಧಿಕಾರದೊಡನೆ ಸಮಾಲೋಚಿಸಬೇಕೆಂದು 2025ರ ಜನವರಿಯಲ್ಲಿ ಆದೇಶವಾಗಿದೆ. ಎಪ್ಪತ್ತು ದಾಟಿದ ಎಲ್ಲರಿಗೂ ಆದಾಯ ನೋಡದೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಆಯುಷ್ಮಾನ್ ಭಾರತ್ ರಕ್ಷಣೆಯನ್ನು ಕೇಂದ್ರ 2024ರ ಅಕ್ಟೋಬರ್‌ನಲ್ಲಿ ಆರಂಭಿಸಿತು. ಆದರೆ ಕಾರ್ಡಿಗೆ ಬೆಲೆ ಬರುವುದು ಅದನ್ನು ಒಪ್ಪುವ ಆಸ್ಪತ್ರೆ ಹತ್ತಿರದಲ್ಲಿದ್ದಾಗ. ಮನೆ ನೋಡಲು ಹೋದ ದಿನವೇ ಆ ಊರಿನ ಒಂದೆರಡು ಆಸ್ಪತ್ರೆಗಳ ಕೌಂಟರಿನಲ್ಲಿ ನಿಂತು, ನಿಮ್ಮ ಬಳಿಯಿರುವ ಕಾರ್ಡು ನಡೆಯುತ್ತದೆಯೇ ಎಂದು ಕೇಳಿ ಬರುವುದಕ್ಕೆ ಖರ್ಚಿಲ್ಲ.

ಮಕ್ಕಳ ಜೊತೆ ಇರುವುದು ಹಳೆಯ ಉತ್ತರ, ಈಗಲೂ ಬಹುಪಾಲು ಜನರ ಉತ್ತರ. ಇದರಲ್ಲಿ ಒಳ್ಳೆಯದು ಬಹಳವಿದೆ, ಅದನ್ನು ಯಾರೂ ವಿವರಿಸಬೇಕಾಗಿಲ್ಲ. ಕೆಡುವುದು ಎಲ್ಲಿ ಎಂದರೆ, ಆರು ತಿಂಗಳು ದೊಡ್ಡವನ ಮನೆ, ಆರು ತಿಂಗಳು ಚಿಕ್ಕವನ ಮನೆ ಎಂದು ತಂದೆತಾಯಿಯನ್ನೇ ಪಾಲು ಮಾಡಿಕೊಂಡಾಗ; ಇಲ್ಲವೇ ಹದಿನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕನ್ನಡದಲ್ಲಿ ಮಾತಾಡಲು ಒಬ್ಬರೂ ಸಿಗದಿದ್ದಾಗ. ವಿದೇಶದಲ್ಲಿರುವ ಮಕ್ಕಳ ಬಳಿ ಹೋಗಿ ನೆಲೆಸುವ ಯೋಚನೆಗೆ ಇನ್ನೂ ಗಟ್ಟಿ ಗೋಡೆಗಳಿವೆ. ಅಮೆರಿಕಕ್ಕೆ ಸಂದರ್ಶಕರ ವೀಸಾದಲ್ಲಿ ಹೋದವರಿಗೆ ಒಮ್ಮೆಗೆ ಸಾಮಾನ್ಯವಾಗಿ ಆರು ತಿಂಗಳು ಇರಲು ಅನುಮತಿ ಸಿಗುತ್ತದೆ. ಮಗಳು ಪೌರತ್ವ ಪಡೆದು ಗ್ರೀನ್ ಕಾರ್ಡ್ ಮಾಡಿಸಿಕೊಟ್ಟರೂ ಅಲ್ಲಿ ದುಡಿಯದ ಹಿರಿಯರು ಮೆಡಿಕೇರ್ ವಿಮೆಗೆ ಹಣ ಕಟ್ಟಿ ಸೇರಲು ಐದು ವರ್ಷ ನೆಲೆಸಿರಬೇಕು. ಬಾಣಂತನಕ್ಕೆ ಹೋಗಿ ಬಂದ ಹೆಂಗಸರನ್ನು ಕೇಳಿದರೆ ಹಿಮ ಬೀಳುವ ಮೂರು ತಿಂಗಳು, ಕಾರು ಓಡಿಸಲು ಬಾರದವರ ಪಾಲಿಗೆ ಹೇಗಿರುತ್ತದೆಂದು ಹೇಳುತ್ತಾರೆ.

ಮಕ್ಕಳ ಮನೆಯೂ ಬೇಡ, ಒಂಟಿ ಮನೆಯೂ ಬೇಡ ಎನ್ನುವವರಿಗಾಗಿ ಹಿರಿಯರ ವಸತಿ ಸಮುಚ್ಚಯಗಳು ಹತ್ತಿಪ್ಪತ್ತು ವರ್ಷಗಳಿಂದ ಬೆಳೆಯುತ್ತಿವೆ. ಕೊಯಮತ್ತೂರು ಇದರಲ್ಲಿ ಮೊದಲಿನದು. ಬೆಂಗಳೂರಿನ ಸುತ್ತ ದೇವನಹಳ್ಳಿ, ಕನಕಪುರ ರಸ್ತೆಯ ಕಡೆಗೂ ಮೈಸೂರಿನಲ್ಲೂ ಬಂದಿವೆ. ಊಟದ ಮನೆ, ದಾದಿ, ಕರೆಗಂಟೆ, ಸಂಜೆಯ ಭಜನೆ ಎಲ್ಲ ಇರುತ್ತದೆ. ಇವನ್ನು ವೃದ್ಧಾಶ್ರಮವೆಂದು ಹೀಗಳೆಯುವುದು ತಪ್ಪು, ಜಾಹೀರಾತನ್ನು ನಂಬಿ ಫ್ಲ್ಯಾಟ್ ಕೊಳ್ಳುವುದೂ ತಪ್ಪು. ರೇರಾ ಕಾಯ್ದೆ ಕಟ್ಟಡವನ್ನು ಹೇಳಿದ ಕಾಲಕ್ಕೆ ಹೇಳಿದಂತೆ ಕಟ್ಟಿಕೊಡಿಸುವುದಕ್ಕೆ ಇದೆ. ಹತ್ತು ವರ್ಷದ ಮೇಲೆ ಅಡುಗೆಮನೆ ನಡೆಯುತ್ತಿರಬೇಕು, ದಾದಿಯಿರಬೇಕು ಎಂಬುದು ಅದರ ಹಿಡಿತಕ್ಕೆ ಸುಲಭವಾಗಿ ಸಿಗುವುದಿಲ್ಲ. ಕೇಂದ್ರದ ವಸತಿ ಸಚಿವಾಲಯ 2019ರಲ್ಲಿ ನಿವೃತ್ತಿ ವಸತಿಗಳಿಗೆ ಮಾದರಿ ಮಾರ್ಗಸೂಚಿ ಹೊರಡಿಸಿದರೂ ರಾಜ್ಯಗಳು ಅಳವಡಿಸಿಕೊಳ್ಳದೆ ಅದಕ್ಕೆ ಬಲವಿಲ್ಲ. ಕೇಳಬೇಕಾದ ಪ್ರಶ್ನೆಗಳು ಬಹಳವಿಲ್ಲ: ನಿರ್ವಹಣಾ ಶುಲ್ಕ ಕಳೆದ ಐದು ವರ್ಷದಲ್ಲಿ ಎಷ್ಟು ಏರಿದೆ, ಮರೆವಿನ ಕಾಯಿಲೆ ಬಂದವರನ್ನು ಇಟ್ಟುಕೊಳ್ಳುತ್ತೀರಾ ಕಳಿಸುತ್ತೀರಾ, ಇಬ್ಬರಲ್ಲಿ ಒಬ್ಬರು ಹೋದ ಮೇಲೆ ಶುಲ್ಕ ಇಳಿಯುತ್ತದೆಯೇ, ಮಾರಬೇಕೆಂದರೆ ವಯಸ್ಸಾದವರಿಗೇ ಮಾರಬೇಕೆಂಬ ನಿಬಂಧನೆ ಇದೆಯೇ. ಇದಕ್ಕೆ ಕಚೇರಿಯವರ ಉತ್ತರಕ್ಕಿಂತ ಊಟದ ಮನೆಯಲ್ಲಿ ಎದುರು ಕೂತವರ ಉತ್ತರ ನಂಬಲರ್ಹ. ಕೊಳ್ಳುವುದಕ್ಕೆ ಬದಲು ಠೇವಣಿ ಕೊಟ್ಟೋ ತಿಂಗಳ ಬಾಡಿಗೆಗೋ ಸೇರುವ ಅವಕಾಶವಿದ್ದರೆ ಅದೇ ಲೇಸು, ಏಕೆಂದರೆ ಹೊರಡುವ ಬಾಗಿಲು ತೆರೆದಿರುತ್ತದೆ. ಬಡವರ ಪಾಲಿಗೆ ಈ ಯಾವ ಚರ್ಚೆಯೂ ಇಲ್ಲ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆ, ಜಿಲ್ಲೆಗೊಂದಾದರೂ 150 ನಿರ್ಗತಿಕ ಹಿರಿಯರಿಗೆ ಸಾಲುವ ವೃದ್ಧಾಶ್ರಮವನ್ನು ಸರ್ಕಾರ ಸ್ಥಾಪಿಸಬಹುದು ಎಂದಿದೆ, ಸ್ಥಾಪಿಸಲೇಬೇಕು ಎಂದಿಲ್ಲ.

ಅದೇ ಕಾಯ್ದೆಯ 23ನೇ ಕಲಂ ಮನೆಯಿದ್ದವರು ಓದಿಕೊಳ್ಳಬೇಕಾದದ್ದು. ಕರ್ನಾಟಕದಲ್ಲಿ ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಬಹಳ ಕಡಿಮೆ. ಹಾಗಾಗಿ "ಹೇಗೂ ನಿನ್ನದೇ ತಾನೆ" ಎಂದು ಮಗನ ಹೆಸರಿಗೆ ಮನೆ ಬರೆದುಕೊಡುವವರು ಹೆಚ್ಚು. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ಅನೂರ್ಜಿತವೆಂದು ಘೋಷಿಸಬಹುದು. ಪತ್ರದಲ್ಲಿ ಅಂಥ ಷರತ್ತು ಇರಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಬೇಕೆಂದಿತು. ಎಪ್ಪತ್ತೆಂಟರಲ್ಲಿ ಉಪವಿಭಾಗಾಧಿಕಾರಿಯ (ಎಸಿ) ಕಚೇರಿಯ ಬೆಂಚಿನ ಮೇಲೆ ಕಾಯುವುದಕ್ಕಿಂತ ಬದುಕಿರುವವರೆಗೆ ಬದಲಿಸಬಹುದಾದ ಉಯಿಲು ಸಾವಿರ ಪಾಲು ಮೇಲು. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳು ಕಡ್ಡಾಯ. ಅದರಲ್ಲಿ ಹೆಂಡತಿಗೆ ಜೀವನಪರ್ಯಂತ ಆ ಮನೆಯಲ್ಲಿ ವಾಸಿಸುವ, ಬಾಡಿಗೆ ಪಡೆಯುವ ಹಕ್ಕನ್ನು ಮೊದಲು ಬರೆದು ಆಮೇಲೆ ಮಕ್ಕಳ ಪಾಲು ಬರೆಯಬೇಕು. ಬರೆದುಕೊಡಲೇಬೇಕಾದ ಪ್ರಸಂಗ ಬಂದರೆ ದಾನಪತ್ರದಲ್ಲೇ ಇಬ್ಬರ ಪೋಷಣೆಯ ಷರತ್ತು ಅಕ್ಷರದಲ್ಲಿ ಇರಲಿ.

ಮನೆಯ ಒಳಗೆ ಬರೋಣ. ಹಿರಿಯರು ಹೆಚ್ಚಾಗಿ ಬೀಳುವುದು ತಮ್ಮದೇ ಮನೆಯಲ್ಲಿ, ಅದರಲ್ಲೂ ಒದ್ದೆಯಾದ ಬಚ್ಚಲಿನಲ್ಲಿ ಮತ್ತು ರಾತ್ರಿ ಅದಕ್ಕೆ ಹೋಗುವ ದಾರಿಯಲ್ಲಿ. ಗಾಲಿಕುರ್ಚಿ ಒಳಹೋಗಲು ಬಾಗಿಲು ಮೂರಡಿ ಬೇಕು, ನಮ್ಮ ಬಚ್ಚಲಿನ ಬಾಗಿಲು ಸಾಮಾನ್ಯವಾಗಿ ಎರಡೂವರೆ ಅಡಿ. ಇಳಿಜಾರು ದಾರಿ ಒಂದಕ್ಕೆ ಹನ್ನೆರಡರ ಪ್ರಮಾಣದಲ್ಲಿರಬೇಕೆಂಬುದು ಕಟ್ಟಡ ಸಂಹಿತೆಯ ನಿಯಮ. ರಸ್ತೆಗೆ ಡಾಂಬರು ಹಾಕಿ ಹಾಕಿ ಏರುತ್ತದೆಂದು ನಾವು ತಳಪಾಯವನ್ನು ಎರಡಡಿ ಎತ್ತರಿಸುತ್ತೇವೆ. ಎರಡಡಿ ಏರಲು 24 ಅಡಿ ಉದ್ದದ ಇಳಿಜಾರು ಬೇಕು, ನಿವೇಶನದ ಉದ್ದವೇ 40 ಅಡಿ. ಕಟ್ಟಿ ಮುಗಿದ ಮೇಲೆ ಇದಕ್ಕೆ ಜಾಗ ಎಲ್ಲಿಂದಲೂ ಹುಟ್ಟುವುದಿಲ್ಲ. ನಕ್ಷೆಯಲ್ಲಿರುವಾಗಲಾದರೆ ಗಾಡಿ ನಿಲ್ಲಿಸುವ ಜಾಗದ ಪಕ್ಕಕ್ಕೆ ಅದನ್ನು ಮಡಚಿ ತರಬಹುದು, ಬಾಗಿಲನ್ನು ಆರಿಂಚು ಅಗಲ ಮಾಡಲು ಆಗ ಮರದ ಬೆಲೆಯಷ್ಟೇ ಹೆಚ್ಚುವರಿ. ಲಿಫ್ಟು ಮತ್ತು ಜನರೇಟರು ಇರುವ ಸಾಧಾರಣ ಅಪಾರ್ಟ್‌ಮೆಂಟು ಈ ಲೆಕ್ಕದಲ್ಲಿ ಎಷ್ಟೋ ಸ್ವಂತ ಮನೆಗಳಿಗಿಂತ ಮೇಲು. ತಿಂಗಳ ನಿರ್ವಹಣಾ ಶುಲ್ಕ ಕೊಡಲು ಹೊಟ್ಟೆಯುರಿಯುತ್ತದೆ, ಅಷ್ಟೆ.

ಮಾವನವರು ಅರವತ್ತಕ್ಕೆ ಕಮ್ಯುಟೇಶನ್ ಮಾಡಿಸಿದ್ದರಿಂದ ಹದಿನೈದು ವರ್ಷ ಪಿಂಚಣಿಯಲ್ಲಿ ಕಡಿತವಾಗುತ್ತಿತ್ತು. ಬರುವ ವರ್ಷ ಆ ಕಡಿತ ಮುಗಿದು ಪಿಂಚಣಿ ಪೂರ್ತಿ ಬರಲಿದೆ. ಆ ಹಣದ ಭರವಸೆಯ ಮೇಲೆ ಅವರು ಮೇಸ್ತ್ರಿಯನ್ನು ಕರೆಸಿ ಮಾತಾಡಿದ್ದಾರೆ: ಒಳಗಿನ ಮೆಟ್ಟಿಲಿನ ತಲೆಗೆ ಗೋಡೆ ಹಾಕಿ ಮುಚ್ಚುವುದು, ಪೂರ್ವದ ಬದಿಯಲ್ಲಿ ಕಬ್ಬಿಣದ ಹೊರಮೆಟ್ಟಿಲು ಇಳಿಸುವುದು, ಮೇಲಿನ ಕೋಣೆಯೊಂದನ್ನು ಅಡುಗೆಮನೆ ಮಾಡಿ ಬಾಡಿಗೆಗೆ ಕೊಡುವುದು. ಕೆಳಗಿನ ಬಚ್ಚಲಿನ ಬಾಗಿಲಿನ ವಿಷಯ ಅತ್ತೆಯೇ ತೆಗೆದರು. ಮೇಸ್ತ್ರಿ ಟೇಪು ಹಿಡಿದು ನೋಡಿ, ಒಂದು ಕಡೆ ಪಿಲ್ಲರ್ ಇದೆ, ಇನ್ನೊಂದು ಕಡೆ ನೀರಿನ ಪೈಪು ಹೋಗಿದೆ, ನಾಲ್ಕಿಂಚು ಸಿಗಬಹುದು, ಆರಿಂಚು ಆಗುವುದಿಲ್ಲ ಎಂದಿದ್ದಾನೆ.